ಒನ್‌ವೇ ಮಾಡುದಾದ್ರೆ ಹತ್ತುವ ದಿಕ್ಕಿಗೆ ಮಾಡಿ ಮಾರಾಯ್ರೆ

ನಮ್ಮ ರಸ್ತೆಯನ್ನು ಒನ್‌ವೇ ಮಾಡ್ತಾರಂತೆ. ನಕ್ಷೆ ಒಂದು ತಂದು ಅಂಟಿಸಿ ಹೋಗಿದ್ದಾರೆ, ಅದ್ರಲ್ಲಿ ಉದ್ದಕ್ಕೆ ಕೆಂಪು ಬಾಣ, ಮೇಲಿನ ಜಂಕ್ಷನ್‌ನಿಂದ ಕೆಳಗಿನ ಜಂಕ್ಷನ್‌ಗೆ, ಅಂದ್ರೆ ಇಳಿಯುವ ಗಾಡಿ ಮಾತ್ರ ಬಿಡುದು, ಹತ್ತುವವರು ಮೈನ್ ರೋಡಲ್ಲಿ ಸುತ್ತು ಹಾಕಿ ಹೋಗ್ಬೇಕು. ಆಕ್ಷೇಪಣೆ ಇದ್ದವರು ಬರವಣಿಗೆಯಲ್ಲಿ ಕೊಡಿ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಉಂಟು, ಕನ್ನಡಕ ಇಲ್ಲದವರಿಗೆ ಅದು ಕಾಣುದೂ ಇಲ್ಲ.

ರಸ್ತೆಯ ಹೆಸರು ನಾನು ಹಾಕುದಿಲ್ಲ. ಹಾಕಿದ್ರೆ ನಾಳೆ ಮೀನಿಗೆ ಹೋದಾಗ ಎರಡೂ ಪಾರ್ಟಿಯವರು ನನ್ನನ್ನು ಹಿಡ್ಕೊಳ್ತಾರೆ. ಕದ್ರಿ ಗುಡ್ಡೆ ಬದಿಯಿಂದ ಬಿಜೈ ಕಡೆ ಇಳಿಯುವ ಒಳರಸ್ತೆಗಳಲ್ಲಿ ಒಂದು ಅಂತ ಇಟ್ಕೊಳ್ಳಿ, ಸಾಕು. ಮಂಗಳೂರಲ್ಲಿ ಇಂಥ ರಸ್ತೆ ಎಷ್ಟು ಬೇಕಾದ್ರೂ ಸಿಗ್ತದೆ, ಈ ಊರೇ ಹಾಗೆ, ಒಂದು ಗುಡ್ಡೆ ಇಳಿದ್ರೆ ಇನ್ನೊಂದು ಗುಡ್ಡೆ ಹತ್ಬೇಕು, ಚಪ್ಪಟೆ ರೋಡು ಬೇಕು ಅಂತಾದ್ರೆ ಬಂದರಿನ ಕಡೆಗೆ ಹೋಗ್ಬೇಕು.

ಮೊದ್ಲೇ ಒಂದು ವಿಷಯ ಹೇಳಿಬಿಡ್ತೇನೆ. ನಾನು ಒನ್‌ವೇಗೆ ವಿರೋಧಿ ಅಲ್ಲ. ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ತನಕ ಒಮ್ಮೆ ನಿಂತು ನೋಡಿ, ಯಾರಾದ್ರೂ ಎಂತದಾದ್ರೂ ಮಾಡ್ಲಿ, ಏನೂ ಮಾಡದೆ ಬಿಡುದಕ್ಕಿಂತ ಒಳ್ಳೆದು ಅಂತ ನಿಮ್ಗೂ ಅನಿಸ್ತದೆ. ಟ್ರಾನ್ಸ್‌ಫಾರ್ಮರ್ ಇರುವಲ್ಲಿ ಒಂದು ಬದಿ ಹಳೇ ಮುರಕಲ್ಲಿನ ಕಂಪೌಂಡು, ಇನ್ನೊಂದು ಬದಿ ಅಪಾರ್ಟ್‌ಮೆಂಟಿನ ಗೋಡೆ, ನಡುವೆ ಟೇಪ್ ಹಿಡಿದು ಅಳೆದದ್ದು 5.6 ಮೀಟರ್, ಅದು ಚರಂಡಿಯ ಸ್ಲ್ಯಾಬು ಸೇರಿಸಿ. ಬಸ್ಸಿನ ಅಗಲ ಕಾನೂನು ಪ್ರಕಾರ 2.6 ಮೀಟರ್ ತನಕ ಇರ್ಬಹುದು, ಎರಡು ಬಸ್ಸಿಗೆ 5.2, ಕನ್ನಡಿ ಬೇರೆ. ಲೆಕ್ಕ ಹಾಕಿ. ಎರಡು ಬಸ್ ಎದುರುಬದುರಾದ್ರೆ ಒಂದು ಹಿಂದೆ ಹೋಗ್ಲೇಬೇಕು, ಹಿಂದೆ ಶಾಲೆಯ ಓಮ್ನಿ, ಅದರ ಹಿಂದೆ ನಾಲ್ಕು ಸ್ಕೂಟರ್, ಅದರ ಹಿಂದೆ ಗ್ಯಾಸ್ ಗಾಡಿ. ಕಂಡಕ್ಟರ್ ಇಳಿದು ವಿಸಿಲ್ ಊದಿ 'ಪಿರ ಬಲೆ, ಪಿರ ಬಲೆ' (ತುಳುವಲ್ಲಿ ಹಿಂದೆ ಬನ್ನಿ) ಅಂತ ಬೊಬ್ಬೆ ಹಾಕುದು, ಓಮ್ನಿಯವ ಹಾರ್ನ್ ಮೇಲೆ ಕೈ ಇಟ್ಟವ ತೆಗಿಯುದಿಲ್ಲ, ಒಳಗೆ ಮಕ್ಕಳು ಮಾತ್ರ ಆರಾಮಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡ್ತಾ ಇರ್ತವೆ, ಅವಕ್ಕೆ ಶಾಲೆಗೆ ಲೇಟಾದ್ರೆ ಖುಷಿಯೇ. ಬಸ್ಸಿನವರಿಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಟೈಮಿಂಗ್ಸ್ ತಪ್ಪಿದ್ರೆ ಹಿಂದಿನ ಬಸ್ಸಿನವನ ಜೊತೆ ಜಗಳ, ಹಾಗಾಗಿ ಇಲ್ಲಿ ಕಳೆದುಕೊಂಡ ನಿಮಿಷವನ್ನು ಮುಂದೆ ಲಾಲ್‌ಬಾಗಲ್ಲಿ ಯಾರ ಜೀವ ತೆಗೆದಾದ್ರೂ ವಸೂಲಿ ಮಾಡ್ತಾರೆ.

ಕೆಳಗಿನ ಜಂಕ್ಷನ್ ಬೇರೆಯೇ ಕಥೆ. ನಾಲ್ಕು ದಾರಿ ಸೇರುವ ಜಂಕ್ಷನಲ್ಲಿ, ನಾಲ್ಕೂ ಟೂ ವೇ ಆದ್ರೆ, ಗಾಡಿಗಳ ದಾರಿ ಒಂದಕ್ಕೊಂದು ಅಡ್ಡ ಬರುವ, ಸೇರುವ, ಬೇರೆ ಆಗುವ ಜಾಗ ಒಟ್ಟು 32 ಅಂತ ಟ್ರಾಫಿಕ್ ಇಂಜಿನಿಯರಿಂಗ್ ಪುಸ್ತಕಗಳಲ್ಲಿ ಲೆಕ್ಕ ಉಂಟು. ಅದ್ರಲ್ಲಿ ಒಂದು ದಾರಿಯನ್ನು ಒನ್‌ವೇ ಮಾಡಿದ್ರೂ ಆ ಸಂಖ್ಯೆ ಒಳ್ಳೆ ಇಳೀತದೆ. ಹಾಗಾಗಿ ನಕ್ಷೆ ಬರೆದವರಿಗೆ ತಲೆ ಇಲ್ಲ ಅಂತ ನಾನು ಹೇಳುದಿಲ್ಲ, ಹಂಪನಕಟ್ಟೆ ಕ್ಲಾಕ್ ಟವರ್ ಸುತ್ತ ಒನ್‌ವೇ ಮಾಡಿದಾಗ್ಲೂ ಎಲ್ಲರೂ ಬೈದದ್ದೇ, ಆಮೇಲೆ ಅಭ್ಯಾಸ ಆಯ್ತು, ಬೈಯುದು ಬೇರೆ ವಿಷಯಕ್ಕೆ.

ನನ್ನ ತಕರಾರು ಒಂದೇ, ಬಾಣದ ದಿಕ್ಕು.

ನಕ್ಷೆಯಲ್ಲಿ ರಸ್ತೆ ಒಂದು ಗೆರೆ. ಆಚೆ ತುದಿ, ಈಚೆ ತುದಿ, ಬಾಣ ಹೀಗೆ ಹಾಕಿದ್ರೂ ಹಾಗೆ ಹಾಕಿದ್ರೂ ಪೇಪರಲ್ಲಿ ವ್ಯತ್ಯಾಸ ಇಲ್ಲ. ಆದ್ರೆ ನಮ್ಮ ರಸ್ತೆಯ ನಡು ಭಾಗ ಇರುದು ಪಕ್ಕಾ ಚಡಾವು, ಅಂದ್ರೆ ಕಡಿದಾದ ಏರು. ಎಷ್ಟು ಚಡಾವು ಅಂತ ನಮ್ಮ ರಸ್ತೆಯವರ ಸಭೆಯಲ್ಲಿ ಚರ್ಚೆ ಆದಾಗ ನಮ್ಮ ಹಿಂದಿನ ಮನೆಯ ಮೇಸ್ತ್ರಿ ಅಣ್ಣ ಸುಮ್ನೆ ಎದ್ದು ಹೋಗಿ ಲೆವೆಲ್ ಪೈಪ್ ತಂದ್ರು. ಗೊತ್ತುಂಟಲ್ಲ, ಪಾರದರ್ಶಕ ಪ್ಲಾಸ್ಟಿಕ್ ಪೈಪು, ಒಳಗೆ ನೀರು, ಫೌಂಡೇಶನ್ ಹಾಕುವಾಗ ಎರಡು ಕಡೆಯ ಮಟ್ಟ ನೋಡುದಕ್ಕೆ ಹಿಡೀತಾರಲ್ಲ ಅದೇ. ಒಂದು ತುದಿಯನ್ನು ಮೇಲೆ ಬೊಂಡದ (ಎಳನೀರಿನ) ಗಾಡಿ ನಿಲ್ಲುವಲ್ಲಿ ಅವರ ಹುಡುಗ ಹಿಡ್ಕೊಂಡ, ಇನ್ನೊಂದು ತುದಿಯನ್ನು ಒಂಬತ್ತು ಮೀಟರ್ ಕೆಳಗೆ ಇವ್ರು ಕೋಲಿಗೆ ಕಟ್ಟಿ ನಿಲ್ಲಿಸಿದ್ರು, ಒಳಗಿನ ಗುಳ್ಳೆ ಹೋಗ್ಲಿಕ್ಕೆ ಬೆರಳಲ್ಲಿ ಪೈಪನ್ನು ಟಪ್ ಟಪ್ ಅಂತ ಬಡಿದ್ರು, ನೀರು ಅಲ್ಲಾಡಿ ಅಲ್ಲಾಡಿ ನಿಂತಿತು, ಪೆನ್ಸಿಲಲ್ಲಿ ಗೀಟು ಹಾಕಿದ್ರು, ಟೇಪ್ ಇಟ್ರೆ ಸರಿಯಾಗಿ ಒಂದು ಮೀಟರ್. ಒಂಬತ್ತಕ್ಕೆ ಒಂದು. ಗಾಲಿಕುರ್ಚಿಗೆ ರ‍್ಯಾಂಪ್ ಕಟ್ಟುವಾಗ ಹನ್ನೆರಡಕ್ಕೆ ಒಂದಕ್ಕಿಂತ ಜಾಸ್ತಿ ಏರು ಇರಬಾರದು ಅಂತ ನಿಯಮ. ನಮ್ಮ ರಸ್ತೆ ರ‍್ಯಾಂಪಿಗಿಂತ ಕಡಿದು. ಅಷ್ಟೊತ್ತಿಗೆ ಮೂರು ಬೈಕಿನವರು ನಿಂತು ಎಂತ, ಹೊಸ ಬಿಲ್ಡಿಂಗ್ ಬರ್ತದಾ ಅಂತ ಕೇಳಿ ಆಗಿತ್ತು.

ಈಗ ಇಳಿಮುಖ ಒನ್‌ವೇ ಆದ್ರೆ ಏನಾಗ್ತದೆ ನೋಡಿ. ಬೆಳಿಗ್ಗೆ ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ ಮೊದಲಿನ ಹಾಗೇ ಮನೆ ಎದುರು ಬರ್ತದೆ, ಕೈ ಬೀಸಿದ್ರೆ ನಿಲ್ತದೆ, ಹತ್ತಿ ಹೋಗುದು. ಸಂಜೆ ವಾಪಸ್ ಬರುವ ಬಸ್ ನಮ್ಮ ರಸ್ತೆಗೆ ನುಗ್ಲಿಕ್ಕೆ ಆಗುದಿಲ್ಲ, ಕೆಳಗಿನ ಜಂಕ್ಷನಲ್ಲಿ ಇಳಿಸಿ ಮೈನ್ ರೋಡಲ್ಲಿ ಹೋಗ್ತದೆ. ಬೆಳಿಗ್ಗೆ ಖಾಲಿ ಕೈ, ಬಸ್ಸು. ಸಂಜೆ ಎರಡು ಕೈಯಲ್ಲಿ ಸಾಮಾನು, ಚಡಾವು ನಡಿಗೆ. ಇಡೀ ದಿನ ಬಟ್ಟೆ ಅಂಗಡಿಯಲ್ಲಿ ನಿಂತು ಕಾಲು ಬಾತುಕೊಂಡ ಹುಡುಗಿಯರು, ಮನೆಕೆಲಸಕ್ಕೆ ಬರುವ ಅಕ್ಕಂದಿರು, ಕುಚ್ಚಲಕ್ಕಿ ಚೀಲ ಹೊತ್ತವರು, ಎಲ್ಲರೂ ಆ ಸೆಕೆಯಲ್ಲಿ ಅಥವಾ ಆ ಮಳೆಯಲ್ಲಿ. ಕಾರಿನವರಿಗೆ ಎಂತ ನಷ್ಟ, ಎರಡು ನಿಮಿಷ ಸುತ್ತು, ಎಸಿ ಹಾಕಿ ಕೂತ್ರೆ ಸುತ್ತು ಅಂತ ಗೊತ್ತೇ ಆಗುದಿಲ್ಲ.

ಮೇಲಿನ ಜಂಕ್ಷನ್ ತನಕ ಬಸ್ಸಲ್ಲಿ ಹೋಗಿ ಇಳ್ಕೊಂಡು ಬನ್ನಿ ಅಂತ ಸಭೆಯಲ್ಲಿ ಒಬ್ರು ಹೇಳಿದ್ರು, ಅವರು ಬಸ್ಸಲ್ಲಿ ಹೋಗದೆ ವರ್ಷ ಎಷ್ಟಾಯ್ತೋ. ಮೇಲಿನ ಜಂಕ್ಷನ್ ಅಂದ್ರೆ ಮುಂದಿನ ಸ್ಟೇಜು, ಟಿಕೆಟ್ ಬೇರೆ, ಮತ್ತೆ ಬಸ್ಸು ಮೈನ್ ರೋಡಲ್ಲಿ ಹೋದ್ರೆ ಆ ಜಂಕ್ಷನ್ನಿಗೆ ಬರುದೇ ಇಲ್ಲ, ಇನ್ನೂ ಆಚೆ ನಿಲ್ಲಿಸ್ತದೆ, ಅಲ್ಲಿಂದ ಇಲ್ಲಿಗೆ ಬರ್ಲಿಕ್ಕೆ ಫುಟ್‌ಪಾತ್ ಇಲ್ಲ.

ಇನ್ನು ಸ್ಪೀಡಿನ ವಿಷಯ. ಈಗ ನಮ್ಮ ರಸ್ತೆಯಲ್ಲಿ ಎಲ್ಲರೂ ಮೆಲ್ಲ ಹೋಗುದು ಯಾಕೆ? ಒಳ್ಳೆ ಬುದ್ಧಿಯಿಂದ ಅಲ್ಲ, ಎದುರಿಂದ ಎಂತ ಬರ್ತದೋ ಅಂತ ಹೆದರಿಕೆ. ಆ ಹೆದರಿಕೆ ತೆಗೆದ್ರೆ, ಎದುರು ಯಾರೂ ಬರುದಿಲ್ಲ ಅಂತ ಗ್ಯಾರಂಟಿ ಕೊಟ್ರೆ, ಇಳಿಜಾರು ಬೇರೆ, ಕಾಂಕ್ರೀಟ್ ರೋಡು ಬೇರೆ, ಬೈಕಿನ ಹುಡುಗರು ಇಂಜಿನ್ ಆಫ್ ಮಾಡಿ ಬಿಟ್ರೂ ಗಾಡಿ ಐವತ್ತರಲ್ಲಿ ಹೋಗ್ತದೆ. ಸರಾಸರಿ ಸ್ಪೀಡು ಶೇಕಡಾ 1 ಏರಿದ್ರೆ ಸಾವಿನ ಅಪಘಾತದ ಸಾಧ್ಯತೆ ಶೇಕಡಾ 4 ಏರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುದು. ಬೆಂಗಳೂರಲ್ಲಿ ಇರುವ ನನ್ನ ತಮ್ಮನ ಮಗ ಇದಕ್ಕೆ ಒಂದು ಲಿಂಕ್ ಬೇರೆ ಕಳಿಸಿದ, ಅಮೆರಿಕದ ಲೂಯಿವಿಲ್ ಅನ್ನುವ ಊರಲ್ಲಿ 2011ರಲ್ಲಿ ಎರಡು ಒನ್‌ವೇ ರಸ್ತೆಗಳನ್ನು ತಿರುಗಿ ಟೂ ವೇ ಮಾಡಿದ್ರಂತೆ, ಅಪಘಾತ ಕಡಿಮೆ ಆಯ್ತು ಅಂತ ಅಲ್ಲಿನ ಪ್ರೊಫೆಸರ್‌ಗಳು ಬರೆದಿದ್ದಾರೆ. ಸರಿ, ಆದ್ರೆ ಅಲ್ಲಿನ ರಸ್ತೆಯ ಅಗಲ ನೋಡಿದ್ರೆ ನಮ್ಮ ಎರಡು ರಸ್ತೆ ಅದ್ರೊಳಗೆ ಹೋಗ್ತದೆ, ಹಾಗಾಗಿ ಅದನ್ನು ನಾನು ಸಭೆಯಲ್ಲಿ ಎತ್ಲಿಲ್ಲ.

ಮಳೆಗಾಲದ ಬಗ್ಗೆ ಬೇರೆ ಊರಿನವರಿಗೆ ಒಂದು ಮಾತು. ಮಂಗಳೂರಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದ್ರಲ್ಲಿ ಅರ್ಧದಷ್ಟು ಜೂನ್ ಜುಲೈ ಎರಡೇ ತಿಂಗಳಲ್ಲಿ. ಆಗ ನಮ್ಮ ಚಡಾವಿನಲ್ಲಿ ಮೇಲಿನ ಗುಡ್ಡೆಯ ಕೆಂಪು ನೀರು ರೋಡಿನ ಮೇಲೆಯೇ ಹರಿಯುದು, ಚರಂಡಿ ಇದ್ದೂ ಇಲ್ಲದ ಹಾಗೆ, ಅದಕ್ಕೆ ತೆಂಗಿನ ಗರಿ ಅಡ್ಡ ಬಿದ್ದಿರ್ತದೆ. ಬದಿಯಲ್ಲಿ ಪಾಚಿ. ಆ ಪಾಚಿಯಲ್ಲಿ ಇಳಿಯುವಾಗ ಬ್ರೇಕ್ ಹಿಡಿದ ಸ್ಕೂಟರ್ ಹೋಗಿ ಟ್ರಾನ್ಸ್‌ಫಾರ್ಮರ್ ಬೇಲಿಗೆ ತಾಗಿದ್ದನ್ನು ನಮ್ಮ ರಸ್ತೆಯವರು ಎಲ್ಲರೂ ನೋಡಿದ್ದಾರೆ. ಹತ್ತುವಾಗ ಜಾರಿದವರೂ ಉಂಟು, ಆದ್ರೆ ಹತ್ತುವಾಗ ಜಾರಿದ್ರೆ ಬೀಳುದು ಅಲ್ಲೇ, ಎದ್ದು ಅಂಗಿ ಜಾಡಿಸಿ ಆಚೆ ಈಚೆ ಯಾರಾದ್ರೂ ನೋಡಿದ್ರಾ ಅಂತ ನೋಡಿ ಹೋಗ್ಬಹುದು.

ಹಾಗಾಗಿ ನಾನು ಹೇಳಿದ್ದು, ಒನ್‌ವೇ ಮಾಡಿ, ಬಾಣ ಉಲ್ಟಾ ಹಾಕಿ. ಹತ್ತುವ ಗಾಡಿ ನಮ್ಮ ರಸ್ತೆಯಲ್ಲಿ, ಇಳಿಯುವ ಗಾಡಿ ಮೈನ್ ರೋಡಲ್ಲಿ. ಗಾಡಿಗಳು ಚಡಾವಿನಲ್ಲಿ ತನ್ನಿಂದ ತಾನೇ ಮೆಲ್ಲ ಹೋಗ್ತವೆ, ಹಂಪ್ ಕೂಡ ಬೇಡ. ಸಂಜೆಯ ಬಸ್ ಚಡಾವು ಹತ್ತಿ ಮನೆ ಬಾಗಿಲಿಗೆ ಬರ್ತದೆ. ಬೆಳಿಗ್ಗೆ ಬಸ್ಸಿಗೆ ಕೆಳಗೆ ನಡ್ಕೊಂಡು ಹೋಗ್ಬೇಕು, ಹೌದು, ಆದ್ರೆ ಇಳಿಜಾರು, ಕೈ ಖಾಲಿ, ಹೊತ್ತು ತಂಪು.

ಇದಕ್ಕೆ ತಕ್ಷಣ ಎರಡು ಉತ್ತರ ಬಂತು. ಒಂದು, ಎದುರು ಮನೆಯ ಬಾಯಮ್ಮನದ್ದು. ಅವರಿಗೆ ಎಂಬತ್ತರ ಹತ್ರ, ಬಿಜೈ ಇಗರ್ಜಿಗೆ ಬೆಳಗ್ಗಿನ ಪೂಜೆಗೆ ಈಗ್ಲೂ ಒಬ್ಬರೇ ಹೋಗುದು. "ನಿಂಗೆ ಎಂತ ಗೊತ್ತುಂಟು ಮಗಾ, ಹತ್ತುವಾಗ ದಮ್ಮು ಬರ್ತದೆ, ನಿಂತು ಹೋಗ್ಬಹುದು. ಇಳಿಯುವಾಗ್ಲೇ ಈ ಮೊಣಗಂಟು ಜೀವ ತೆಗಿಯುದು" ಅಂತ ಸೀರೆ ಸ್ವಲ್ಪ ಎತ್ತಿ ಮೊಣಗಂಟಿನ ಬೆಲ್ಟ್ ತೋರಿಸಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಅವರು ಹೇಳಿದ್ದು ಸರಿ, ಮೆಟ್ಟಿಲು ಇಳಿಯುವಾಗ ಮೊಣಕಾಲಿಗೆ ಬೀಳುವ ಭಾರ ಜಾಸ್ತಿ ಅಂತ ಯಾವ ಮೂಳೆ ಡಾಕ್ಟರೂ ಹೇಳ್ತಾರೆ. ಅಂದ್ರೆ ಬಾಣ ಯಾವ ಕಡೆ ಹಾಕಿದ್ರೂ ಯಾರಾದ್ರೂ ಒಬ್ರು ನಡೀಲೇಬೇಕು, ಆ ನಡೆಯುವವರಿಗೆ ಎಂತ ಮಾಡಿದ್ದಾರೆ ಅನ್ನುದು ನಕ್ಷೆಯಲ್ಲಿ ಇಲ್ಲ. ಆ ವಿಷಯಕ್ಕೆ ಈಗ ಬರ್ತೇನೆ.

ಎರಡನೇ ಉತ್ತರ, ಫುಲ್ ಲೋಡ್ ಬಸ್ಸು ಚಡಾವಿನಲ್ಲಿ ನಿಂತು ನಿಂತು ಹೋಗ್ಲಿಕ್ಕೆ ಕಷ್ಟ, ಹೊಗೆ ಬರ್ತದೆ, ಕ್ಲಚ್ ವಾಸನೆ ಬರ್ತದೆ ಅಂತ ಮೂಲೆ ಮನೆಯವ್ರು. ಹೊಗೆ ಬರ್ತದೆ, ಸುಳ್ಳಲ್ಲ. ಆದ್ರೆ ಬಸ್ಸಿನವರನ್ನೇ ಕೇಳಿದ್ರಾಯ್ತಲ್ಲ ಅಂತ ನಾನು ಸಂಜೆಯ ಟ್ರಿಪ್ಪಿನ ಡ್ರೈವರ್ ಹತ್ರ ಕೇಳಿದೆ, ಅವರು ಸ್ಟೇರಿಂಗ್ ಮೇಲೆ ಕೈ ಇಟ್ಟೇ ನಕ್ಕರು, ಹತ್ತುದು ಗಾಡಿಯ ಕೆಲಸ ಸರ್, ಇಳಿಸುದು ನಮ್ಮ ಕೆಲಸ, ಮಳೆಗೆ ಇಳಿಸುವಾಗ್ಲೇ ಹೆದರಿಕೆ ಆಗುದು ಅಂದ್ರು. ಅಷ್ಟು ಹೇಳುವಷ್ಟರಲ್ಲಿ ಹಿಂದೆ ಕಂಡಕ್ಟರ್ ಬಸ್ಸಿನ ತಗಡು ಬಡಿದು ಪೋಯಿ ಪೋಯಿ ಅಂದ, ಮಾತು ಮುಗೀತು.

ಈಗ ಫುಟ್‌ಪಾತಿನ ವಿಷಯ. ಇದಕ್ಕೇ ನಂಗೆ ನಿಜವಾಗಿ ಸಿಟ್ಟು ಬಂದದ್ದು.

ರಸ್ತೆಯನ್ನು ಒನ್‌ವೇ ಮಾಡಿದ್ರೆ ಅರ್ಧ ಜಾಗ ಉಳೀತದೆ, ಅಲ್ವಾ? ಒಂದು ಲೇನಿಗೆ, ರಸ್ತೆಯ ಅಳತೆಗೆ ನಿಯಮ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ 3.5 ಮೀಟರ್. ನಮ್ಮ ಅತಿ ಸಪೂರ ಜಾಗ 5.6. ಉಳಿದದ್ದು 2.1. ನಡೆಯುವವರಿಗೆ ಅಡ್ಡಿ ಇಲ್ಲದ ದಾರಿ ಕಡಿಮೆ ಅಂದ್ರೂ 1.8 ಮೀಟರ್ ಇರ್ಬೇಕು ಅಂತ ಅದೇ ರೋಡ್ಸ್ ಕಾಂಗ್ರೆಸ್ಸಿನ 2012ರ ಪುಸ್ತಕದಲ್ಲಿ ಉಂಟು, ಅಂಚಿನ ಎತ್ತರ 150 ಮಿಲಿಮೀಟರಿಗಿಂತ ಜಾಸ್ತಿ ಬೇಡ ಅಂತಲೂ ಉಂಟು. ಅಂದ್ರೆ ಅತಿ ಸಪೂರ ಜಾಗದಲ್ಲೂ ಒಂದು ಬದಿ ಸರಿಯಾದ ಫುಟ್‌ಪಾತ್ ಕೂರ್ತದೆ. ಟೂ ವೇ ಇರುವಾಗ ಈ ಜನ್ಮದಲ್ಲಿ ಕೂರುದಿಲ್ಲ. ಒನ್‌ವೇ ಬೇಡವೇ ಬೇಡ ಅಂತ ಹಠ ಹಿಡಿದ ನಮ್ಮ ಮಾಷ್ಟ್ರಿಗೆ ನಾನು ಹೇಳಿದ್ದು ಇದನ್ನೇ, ಮಾಷ್ಟ್ರೆ, ನಮ್ಗೆ ಫುಟ್‌ಪಾತ್ ಸಿಗುದಿದ್ರೆ ಇದೊಂದೇ ಚಾನ್ಸು, ಇದನ್ನು ಬಿಟ್ರೆ ಗೋಡೆ ಒಡೆದು ಜಾಗ ತೆಗಿಬೇಕು, ಅದಕ್ಕೆ ಯಾರು ಒಪ್ತಾರೆ, ನೀವು ಒಪ್ತೀರಾ? ಅವರ ಕಂಪೌಂಡ್ ಮೊದ್ಲು ಹೋಗುದು. ಅವರು ಒಪ್ಲಿಲ್ಲ, ಆದ್ರೆ ಆಮೇಲೆ ಜೋರು ಮಾಡುದು ಕಡಿಮೆ ಮಾಡಿದ್ರು.

ನಕ್ಷೆಯಲ್ಲಿ ಆ ಉಳಿದ ಜಾಗಕ್ಕೆ ಎಂತ ಬರ್ದಿದ್ದಾರೆ ಗೊತ್ತುಂಟಾ? ಪಿ. ಪಾರ್ಕಿಂಗ್. ಅಗಲ ಇರುವಲ್ಲೆಲ್ಲ ಸಾಲಾಗಿ ಪಿ ಪಿ ಪಿ. ನಡೆಯುವವರು ಮೊದಲಿನ ಹಾಗೇ ಸ್ಲ್ಯಾಬಿನ ಮೇಲೆ.

ಆ ಸ್ಲ್ಯಾಬುಗಳನ್ನು ನೀವು ಒಮ್ಮೆ ನೋಡ್ಬೇಕು. ಹತ್ತಿರದಿಂದ ನೋಡಿದ್ರೆ ಒಂದೊಂದಕ್ಕೂ ಒಂದೊಂದು ಸ್ವಭಾವ. ಮೆಡಿಕಲ್ ಎದುರಿನದ್ದು ಒಂದು ಮೂಲೆ ತುಳಿದ್ರೆ ಇನ್ನೊಂದು ಮೂಲೆ ಏಳ್ತದೆ, ಮಳೆಗಾಲದಲ್ಲಿ ತುಳಿದ್ರೆ ಅಡಿಯಿಂದ ಕಪ್ಪು ನೀರು ಪಿಚಕ್ ಅಂತ ಮೊಣಕಾಲ ತನಕ ಹಾರ್ತದೆ. ಅದರ ಮುಂದಿನ ಎರಡರ ನಡುವೆ ಒಂದು ಗೇಣು ಬಿರುಕು, ಕೊಡೆಯ ತುದಿ ಹೋಗಿ ಸಿಕ್ಕಿ ಬೀಳುದು ಅಲ್ಲಿಯೇ. ಆಮೇಲಿನದ್ದರಲ್ಲಿ ಕಬ್ಬಿಣದ ಸರಳು ಹೊರಗೆ ಬಂದು ಬಾಗಿ ನಿಂತಿದೆ, ಅದಕ್ಕೆ ಯಾರೋ ಪುಣ್ಯಾತ್ಮರು ಕೆಂಪು ಬಟ್ಟೆ ಕಟ್ಟಿದ್ದಾರೆ. ಕೇಬಲಿನವರು ಎತ್ತಿದ ಸ್ಲ್ಯಾಬು ಕೇಬಲಿನವರು ಇಡುದಿಲ್ಲ, ನೀರಿನವರು ಎತ್ತಿದ್ದನ್ನು ನೀರಿನವರು ಓರೆ ಇಡ್ತಾರೆ. ಇದರ ಮೇಲೆ ಶಾಲೆಯ ಮಕ್ಕಳು, ಬಾಯಮ್ಮ, ಹೊಟ್ಟೆಯಲ್ಲಿ ಮಗು ಇರುವವರು ಎಲ್ಲರೂ ನಡೀಬೇಕು, ಈ ಬದಿಯಲ್ಲಿ ಪಾರ್ಕ್ ಮಾಡಿದ ಕಾರಿನ ಬಾಗಿಲು ಯಾವಾಗ ತೆಗೀತದೋ ಅಂತ ಒಂದು ಕಣ್ಣು ಅಲ್ಲಿಟ್ಟು.

ಪಾರ್ಕಿಂಗ್ ಬೇಕು ಅಂತ ಹೇಳುವ ಅಂಗಡಿಯವರ ಮೇಲೆ ನಂಗೆ ಕೋಪ ಇಲ್ಲ. ಕಾರು ನಿಲ್ಲಿಸ್ಲಿಕ್ಕೆ ಜಾಗ ಇಲ್ಲಾಂದ್ರೆ ಗಿರಾಕಿ ಮಾಲಿಗೆ ಹೋಗ್ತಾರೆ ಅಂತ ಅವರ ಹೆದರಿಕೆ. ಆದ್ರೆ ಬೇಕರಿಯ ಎದುರು ನಿಂತು ನೋಡಿದ್ರೆ ಬನ್ಸು, ಬ್ರೆಡ್ಡು ತಗೊಳ್ಳುವವರು ಕಾರಿನವರಿಗಿಂತ ಬಸ್ಸಿಂದ ಇಳಿದವರೇ ಜಾಸ್ತಿ. ಬಸ್ಸನ್ನೇ ಆಚೆ ಕಳಿಸಿದ್ರೆ ಆ ಗಿರಾಕಿ ಎಲ್ಲಿಂದ ಬರ್ಬೇಕು? ಬೇಕರಿಯವರಿಗೆ ಇದು ಅರ್ಥ ಆಯ್ತು, ಮೆಡಿಕಲ್‌ನ ಮಾಮನಿಗೆ ಅರ್ಧ ಅರ್ಥ ಆಯ್ತು, ಅವರು ವಿರೋಧದ ಪತ್ರಕ್ಕೂ ಸೈನ್ ಹಾಕಿದ್ದಾರೆ ಬೆಂಬಲದ ಪತ್ರಕ್ಕೂ ಹಾಕಿದ್ದಾರೆ, ಎರಡೂ ಕಡೆಯವರು ಮಾತ್ರೆಗೆ ಅವರ ಹತ್ರವೇ ಬರುದಲ್ಲ.

ಧೂಪದ ಮರದ ಅಡಿಯಲ್ಲಿ ಕೂರುವ ಮೀನಿನ ಅಕ್ಕ ಮತ್ತೆ ಬಸಳೆ, ಹರಿವೆ ಮಾರುವವರ ಬಗ್ಗೆ ನಕ್ಷೆಯಲ್ಲಿ ಒಂದು ಚುಕ್ಕಿಯೂ ಇಲ್ಲ. ಬೀದಿ ಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲೇ ಬಂದಿದೆ, ಸರ್ವೇ ಆಗಿ ಪ್ರಮಾಣಪತ್ರ ಕೊಡುವ ತನಕ ಎಬ್ಬಿಸುವ ಹಾಗಿಲ್ಲ. ಮೀನಿನ ಅಕ್ಕನ ಹತ್ರ ನಾನು ಇದನ್ನು ಹೇಳಿದ್ದಕ್ಕೆ ಅವರು ಬೂತಾಯಿ ಎಣಿಸ್ತಾ, ನಂಗೆ ಕಾಯ್ದೆ ಬೇಡ ಅಣ್ಣ, ಬಸ್ ಇಲ್ಲೇ ನಿಲ್ಲಲಿ, ಬಸ್ ನಿಂತ್ರೆ ನಾನು ಕೂತೆ ಅಂದ್ರು. ಅವರ ಲೆಕ್ಕ ಸರಿ ಉಂಟು.

ಇದನ್ನೆಲ್ಲ ಯಾರ ಹತ್ರ ಹೇಳುದು ಅನ್ನುದೇ ಒಂದು ಸರ್ಕಸ್. ಒನ್‌ವೇ ಆದೇಶ ಪೊಲೀಸ್ ಕಮಿಷನರೇಟಿಂದ ಬರುದು, ಮಂಗಳೂರಲ್ಲಿ 2010ರಿಂದ ಕಮಿಷನರೇಟ್ ಉಂಟು. ಫುಟ್‌ಪಾತು, ಚರಂಡಿ, ಸ್ಲ್ಯಾಬು ಪಾಲಿಕೆಗೆ. ಖಾಸಗಿ ಸಿಟಿ ಬಸ್ಸಿನ ಪರ್ಮಿಟ್, ರೂಟು ಎಲ್ಲ ಆರ್‌ಟಿಎಗೆ (ಪ್ರಾದೇಶಿಕ ಸಾರಿಗೆ ಪ್ರಾಧಿಕಾರ), ಅದಕ್ಕೆ ಅಧ್ಯಕ್ಷರು ಜಿಲ್ಲಾಧಿಕಾರಿ. ಬಾಣ ಒಂದು ಕಡೆ, ಬಸ್ಸು ಒಂದು ಕಡೆ, ನಡೆಯುವ ದಾರಿ ಇನ್ನೊಂದು ಕಡೆ. ಹಾಗಾಗಿ ನಾವು ಒಂದೇ ಪತ್ರವನ್ನು ಮೂರೂ ಕಡೆಗೆ ಕೊಡುದು ಅಂತ ತೀರ್ಮಾನ ಮಾಡಿದ್ದು, ಇಲ್ಲದಿದ್ರೆ ಇವರು ಅವರನ್ನು ತೋರಿಸ್ತಾರೆ, ಅವರು ಇವರನ್ನು ತೋರಿಸ್ತಾರೆ, ನಾವು ರಿಕ್ಷಾಕ್ಕೆ ದುಡ್ಡು ಕೊಟ್ಟು ಕೊಟ್ಟು ಸುಸ್ತು.

ಪತ್ರದಲ್ಲಿ ನಾನು ಹಠ ಮಾಡಿ ಸೇರಿಸಿದ ಒಂದು ಪಾಯಿಂಟ್ ಉಂಟು, ಅದು ಪ್ರಯೋಗದ ವಿಷಯ. ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 115. ಗಾಡಿ ಸಂಚಾರಕ್ಕೆ ನಿರ್ಬಂಧ ಹಾಕುವ ಅಧಿಕಾರ ಬರುದು ಅಲ್ಲಿಂದಲೇ. ಒಂದು ತಿಂಗಳಿಗಿಂತ ಜಾಸ್ತಿ ಇಲ್ಲದ ನಿರ್ಬಂಧ ಆದ್ರೆ ಗೆಜೆಟಲ್ಲಿ ಹಾಕುದು ಬೇಡ, ಸ್ಥಳೀಯವಾಗಿ ಜನರಿಗೆ ತಿಳಿಸಿದ್ರೆ ಸಾಕು ಅಂತ ಅದೇ ಸೆಕ್ಷನಲ್ಲಿ ಉಂಟು. ಅಂದ್ರೆ ಪರ್ಮನೆಂಟ್ ಮಾಡುವ ಮೊದ್ಲು ಒಂದು ತಿಂಗಳು ಮಾಡಿ ನೋಡ್ಲಿಕ್ಕೆ ಕಾನೂನಲ್ಲೇ ದಾರಿ ಉಂಟು, ಬ್ಯಾರಿಕೇಡ್ ಇಟ್ಟು ಹಗ್ಗ ಕಟ್ಟಿದ್ರಾಯ್ತು. ಎರಡು ವಾರ ಇಳಿಮುಖ, ಎರಡು ವಾರ ಏರುಮುಖ. ಯಾವುದು ಆಗ್ತದೆ ನೋಡುವ.

ಆದ್ರೆ ಯಾವ ತಿಂಗಳು? ನಕ್ಷೆ ತಂದವರ ಜೊತೆ ಬಂದಿದ್ದ ಒಬ್ಬ ಇಂಜಿನಿಯರ್ ಹುಡುಗ, ಪಾಪ ಒಳ್ಳೆಯವನೇ, ಮೇ ತಿಂಗಳು ಆಗ್ಬಹುದು ಸರ್, ಮಳೆ ಇರುದಿಲ್ಲ, ಶಾಲೆ ಇರುದಿಲ್ಲ ಅಂದ. ಅದಕ್ಕೇ ಬೇಡ ಅಂದದ್ದು ಮಾರಾಯ ಅಂದೆ ನಾನು. ಮೇ ತಿಂಗಳಲ್ಲಿ ನಮ್ಮ ರಸ್ತೆಯನ್ನು ಯಾವ ದಿಕ್ಕಿಗೆ ತಿರುಗಿಸಿದ್ರೂ ಚಂದವೇ ಕಾಣ್ತದೆ, ಅರ್ಧ ಜನ ಮದುವೆಗೆ ಊರಿಗೆ ಹೋಗಿರ್ತಾರೆ, ಓಮ್ನಿಗಳು ಶೆಡ್ಡಲ್ಲಿ. ಪರೀಕ್ಷೆ ಮಾಡುದಾದ್ರೆ ಜೂನ್ ಎರಡನೇ ವಾರ ಮಾಡಿ. ಶಾಲೆ ಶುರು ಆಗಿರ್ತದೆ, ಮಳೆ ಹಿಡಿದಿರ್ತದೆ, ಒಂದು ಕೈಯಲ್ಲಿ ಕೊಡೆ ಇನ್ನೊಂದು ಕೈಯಲ್ಲಿ ಮಗುವಿನ ಬ್ಯಾಗು ಹಿಡಿದು ಜನ ಆ ಸ್ಲ್ಯಾಬಿನ ಮೇಲೆ ಹೇಗೆ ಹೋಗ್ತಾರೆ ಅಂತ ಇಂಜಿನಿಯರೂ ಬಂದು ಅವರ ಜೊತೆ ಒಂದು ಸಲ ಹತ್ತಿ ಇಳೀಲಿ. ಆ ಹುಡುಗ ನೋಟ್‌ಬುಕ್ಕಲ್ಲಿ ಬರ್ಕೊಂಡ. ಮಾಷ್ಟ್ರು ಹಿಂದಿನಿಂದ ಬಗ್ಗಿ ನೋಡಿ, 'ಜೂನ್' ಅಂತ ಮಾತ್ರ ಬರ್ದಿದ್ದಾನೆ, ಉಳಿದದ್ದು ಬರೀಲಿಲ್ಲ ಅಂತ ನನ್ನ ಕಿವಿಯಲ್ಲಿ ಹೇಳಿದ್ರು.

ಪತ್ರ ಈಗ ಆದಷ್ಟು ಹೀಗುಂಟು: ಒನ್‌ವೇಗೆ ನಮ್ಮ ಒಪ್ಪಿಗೆ ಉಂಟು, ಆದ್ರೆ ಹತ್ತುವ ದಿಕ್ಕಿಗೆ. ಉಳಿಯುವ ಜಾಗದಲ್ಲಿ ಮೊದ್ಲು ಫುಟ್‌ಪಾತು, ಆಮೇಲೆ ಜಾಗ ಉಳಿದ್ರೆ ಪಾರ್ಕಿಂಗ್. ಚಡಾವಿನ ಉದ್ದಕ್ಕೂ ಹಿಡ್ಕೊಳ್ಳಿಕ್ಕೆ ಕಬ್ಬಿಣದ ರೈಲಿಂಗ್, ಇದು ಬಾಯಮ್ಮನ ಬೇಡಿಕೆ, ಮೇಸ್ತ್ರಿ ಅಣ್ಣ ಗೋಡೆಗೆ ಎಲ್ಲೆಲ್ಲಿ ಊರ್ಬಹುದು ಅಂತ ಗುರುತು ಬೇರೆ ಹಾಕಿ ಇಟ್ಟಿದ್ದಾರೆ. ಬಸ್ಸಿನ ರೂಟು ಬದಲಾಗುವ ಮೊದ್ಲು ಸ್ಟಾಪ್ ಎಲ್ಲಿ ಅಂತ ಲಿಖಿತದಲ್ಲಿ ತಿಳಿಸ್ಬೇಕು. ಜೂನ್ ತಿಂಗಳಲ್ಲಿ ಪ್ರಯೋಗ. ಮೂಲೆ ಮನೆಯವ್ರು ಮಾತ್ರ ಹೊಗೆಯ ವಿಷಯ ಬಿಡ್ಲಿಲ್ಲ, ಅವರದ್ದು ಬೇರೆ ಪತ್ರ ಹೋಗ್ತದೆ, ಹೋಗ್ಲಿ, ಅವರ ಕಿಟಕಿ ರೋಡಿಗೆ ತಾಗಿ ಇರುದು, ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಬರೀತಿದ್ದೆ.

ಸೋಮವಾರ ಬೆಳಿಗ್ಗೆ ಕೊಡ್ಲಿಕ್ಕೆ ಹೋಗುದು. ಪ್ರತಿಯೊಂದಕ್ಕೂ ಎರಡೆರಡು ಕಾಪಿ, ಒಂದಕ್ಕೆ ಸೀಲು ಹಾಕಿಸಿ ತಾರೀಕು ಬರೆಸ್ಕೊಂಡು ವಾಪಸ್ ತರ್ಬೇಕು, ಕೊಟ್ಟೇ ಇಲ್ಲ ಅಂತ ಆಮೇಲೆ ಹೇಳುವ ಹಾಗೆ ಆಗ್ಬಾರ್ದು. ನಿಮ್ಮ ಏರಿಯಾದಲ್ಲಿ ಒನ್‌ವೇ ಮಾಡಿದ ಮೇಲೆ ಹೋದ ಬಸ್ ಸ್ಟಾಪ್ ತಿರುಗಿ ಬಂದದ್ದು ಉಂಟಾ, ಯಾರ ಹತ್ರ ಹೋಗಿ ಹೇಗೆ ತಂದ್ರಿ, ಗೊತ್ತಿದ್ದವರು ತಿಳಿಸಿ, ಪತ್ರ ಟೈಪ್ ಆಗುದು ಭಾನುವಾರ ರಾತ್ರಿ, ಅಷ್ಟರೊಳಗೆ ಸೇರಿಸ್ಬಹುದು.